ಕಾರ್ಲೈಲ್‌ನ ಹದಿನಾಲ್ಕು ಪಂದ್ಯಗಳು

1912ರ ಶರತ್ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ವಸತಿ ಶಾಲೆಯ ಹುಡುಗರು ಹತ್ತು ವಾರ ತುಂಬುವುದರೊಳಗೆ ಹದಿನಾಲ್ಕು ಫುಟ್‌ಬಾಲ್ ಪಂದ್ಯಗಳನ್ನು ಆಡಿದರು. ಹನ್ನೆರಡನ್ನು ಗೆದ್ದರು, ಒಂದನ್ನು ಸೋತರು, ಒಂದು ಸಮವಾಯಿತು. ಗಳಿಸಿದ ಅಂಕ 504, ಬಿಟ್ಟುಕೊಟ್ಟದ್ದು 114. ಎದುರಾಳಿಗಳಲ್ಲಿ ಹೆಚ್ಚಿನವರು ಹೆಸರಾಂತ ಕಾಲೇಜು, ವಿಶ್ವವಿದ್ಯಾಲಯಗಳವರು. ಒಂದು ಶನಿವಾರ ಎದುರಿಗೆ ನಿಂತವರು ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳು. ಈ ಹುಡುಗರ ಶಾಲೆಯಾದರೋ ಹೈಸ್ಕೂಲಿನ ಮಟ್ಟವನ್ನೂ ಪೂರ್ತಿ ಮುಟ್ಟಿದ್ದಲ್ಲ. ಅರ್ಧ ದಿನ ಪಾಠ, ಇನ್ನರ್ಧ ದಿನ ಬಡಗಿ ಕೆಲಸ, ಕಮ್ಮಾರಿಕೆ, ಹೊಲಿಗೆ. ಶಾಲೆಯ ಹೆಸರು ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್. ಅಲ್ಲಿದ್ದವರೆಲ್ಲ, ಆಗ ಇಂಡಿಯನ್ನರೆಂದು ಕರೆಯುತ್ತಿದ್ದ, ಅಮೆರಿಕದ ಮೂಲನಿವಾಸಿಗಳ ಮಕ್ಕಳು.

ಈ ಋತುವಿನ ಮಾತು ಬಂದಾಗ ಜಿಮ್ ಥಾರ್ಪ್ ಎಂಬ ಒಂದು ಹೆಸರು ಹೇಳಿ ಮುಗಿಸುವುದು ರೂಢಿ. ಅವನ ಆಟವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅವನೊಬ್ಬನನ್ನು ಎತ್ತಿ ನಿಲ್ಲಿಸಿದಾಗ ಉಳಿದ ಹತ್ತು ಜನ ಮರೆಯಾಗುತ್ತಾರೆ. ಜೊತೆಗೆ, ಆ ಹುಡುಗರ ಬೆವರಿನಿಂದ ಹಣ ಮಾಡಿಕೊಂಡು, ಕಷ್ಟ ಬಂದಾಗ ಕೈಬಿಟ್ಟ ದೊಡ್ಡವರೂ ತಪ್ಪಿಸಿಕೊಳ್ಳುತ್ತಾರೆ. ಇಡೀ ತಂಡವನ್ನು, ಆ ತಂಡವನ್ನು ಹುಟ್ಟಿಸಿದ ಶಾಲೆಯನ್ನು ಒಟ್ಟಿಗೆ ಕಂಡಾಗಲೇ 1912 ಅರ್ಥವಾಗುವುದು.

ಶಾಲೆ ಶುರುವಾದದ್ದು 1879ರಲ್ಲಿ, ಖಾಲಿ ಬಿದ್ದಿದ್ದ ಸೇನಾ ಬ್ಯಾರಕ್‌ಗಳಲ್ಲಿ. ಸ್ಥಾಪಿಸಿದವನು ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ. ಅದಕ್ಕೆ ಮುಂಚೆ ಫ್ಲಾರಿಡಾದ ಕೋಟೆಯೊಂದರಲ್ಲಿ ಸೆರೆಯಲ್ಲಿದ್ದ ಮೂಲನಿವಾಸಿ ಯೋಧರನ್ನು ಕಾಯುತ್ತಿದ್ದವನು. ಆ ಕೈದಿಗಳಿಗೆ ಓದು ಕಲಿಸಿದ ಅನುಭವವನ್ನೇ ಅವನು ಮಕ್ಕಳ ಮೇಲೆ ಹೂಡಿದ. ಮೂಲನಿವಾಸಿಯೊಳಗಿನ ಮೂಲನಿವಾಸಿಯನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂಬ ಅರ್ಥದ ಮಾತನ್ನು 1892ರಲ್ಲಿ ಅವನು ಸಭೆಯೊಂದರಲ್ಲಿ ಬಹಿರಂಗವಾಗಿಯೇ ಆಡಿದ. ಅವನ ಪ್ರಕಾರ ಅದು ದಯೆಯ ಮಾತು.

ಆ ದಯೆ ಹೇಗಿತ್ತೆಂಬುದನ್ನು ಮಕ್ಕಳ ಮೊದಲ ಗುಂಪಿನಲ್ಲೇ ಬಂದಿದ್ದ ಲಕೋಟ ಬುಡಕಟ್ಟಿನ ಲೂಥರ್ ಸ್ಟ್ಯಾಂಡಿಂಗ್ ಬೇರ್ ಮುಂದೆ ಬರೆದಿಟ್ಟಿದ್ದಾನೆ. ತರಗತಿಯ ಕಪ್ಪುಹಲಗೆಯ ಮೇಲೆ ಬಿಳಿ ಗೆರೆಗಳು. ಅವು ಏನೆಂದು ಮಕ್ಕಳಿಗೆ ಗೊತ್ತಿಲ್ಲ. ಒಬ್ಬೊಬ್ಬರ ಕೈಗೂ ಕೋಲು ಕೊಟ್ಟು ಯಾವುದಾದರೂ ಒಂದನ್ನು ಮುಟ್ಟಿ ತೋರಿಸಲು ಹೇಳುತ್ತಾರೆ. ಮುಟ್ಟಿದ್ದೇ ಆ ಮಗುವಿನ ಹೊಸ ಹೆಸರು. ಅದನ್ನು ಬಟ್ಟೆಪಟ್ಟಿಯ ಮೇಲೆ ಬರೆದು ಅಂಗಿಯ ಬೆನ್ನಿಗೆ ಹೊಲಿಯುತ್ತಾರೆ. ಆಮೇಲೆ ಕೂದಲು ಕತ್ತರಿಸಿದರು. ಮಾತೃಭಾಷೆ ಆಡಕೂಡದೆಂದು ಕಟ್ಟಪ್ಪಣೆಯಾಯಿತು. ರಜೆಯಲ್ಲಿ ಮಕ್ಕಳನ್ನು ಊರಿಗೆ ಕಳಿಸುವ ಬದಲು ಸುತ್ತಲ ಬಿಳಿಯ ರೈತರ ಮನೆಗಳಿಗೆ ಕೂಲಿಗೆ ಕಳಿಸುತ್ತಿದ್ದರು. ಕ್ಷಯ ಮತ್ತಿತರ ರೋಗಗಳಿಗೆ ಮಕ್ಕಳು ಬಲಿಯಾದರು. ಶಾಲೆಯ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಗೋರಿಗಳಿದ್ದವು.

ಇಂಥ ಶಾಲೆಗೆ ಫುಟ್‌ಬಾಲನ್ನು ತಂದವರು ಮಕ್ಕಳೇ. 1890ರಲ್ಲಿ ಪಕ್ಕದ ಡಿಕಿನ್ಸನ್ ಕಾಲೇಜಿನವರ ಮೇಲೆ ಆಡುವಾಗ ಒಬ್ಬ ಹುಡುಗನ ಕಾಲು ಮುರಿದದ್ದನ್ನು ಕಂಡು ಪ್ರ್ಯಾಟ್ ಹೊರಗಿನವರೊಂದಿಗೆ ಆಡುವುದನ್ನೇ ನಿಲ್ಲಿಸಿದ್ದ. ಹುಡುಗರು ಬಿಡಲಿಲ್ಲ. ಗುಂಪಾಗಿ ಅವನ ಕಚೇರಿಗೆ ಹೋಗಿ ವಾದ ಹೂಡಿದರು. ಕೊನೆಗೆ ಅವನು ಎರಡು ಷರತ್ತು ಹಾಕಿ ಒಪ್ಪಿದ: ಎದುರಾಳಿ ಹೊಡೆದರೂ ತಿರುಗಿ ಗುದ್ದಕೂಡದು, ಕೆಲವೇ ವರ್ಷಗಳಲ್ಲಿ ದೇಶದ ದೊಡ್ಡ ತಂಡಗಳನ್ನು ಸೋಲಿಸಬೇಕು.

ಇದು ನಾವು ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಸಾಲನ್ನು ಸೀಳಿ ಗಜಗಜವಾಗಿ ಮುಂದೆ ಸಾಗುವ ಆಟ. ಕಬಡ್ಡಿಯಲ್ಲಿ ದಾಳಿಗೆ ಬಂದವನ ಮೇಲೆ ಎಲ್ಲರೂ ಮುಗಿಬಿದ್ದು ಕೆಡವುವಂತೆ ಇಲ್ಲಿ ಚೆಂಡು ಹಿಡಿದವನ ಮೇಲೆ ಹನ್ನೊಂದು ಜನ ಬೀಳುತ್ತಾರೆ. ಆಗಿನ ಆಟದಲ್ಲಂತೂ ತೂಕವೇ ಎಲ್ಲ. ದಪ್ಪ ಹುಡುಗರು ಕೈಗೆ ಕೈ ಬೆಸೆದು ಗೋಡೆಯಾಗಿ ನುಗ್ಗುವುದು, ಎದುರಿನವರನ್ನು ತುಳಿದುಕೊಂಡು ಹೋಗುವುದು. 1905ರ ಒಂದೇ ವರ್ಷ ಕನಿಷ್ಠ 18 ಯುವಕರು ಆಡುತ್ತಲೇ ಪ್ರಾಣ ಕಳೆದುಕೊಂಡರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳುವಂತೆ ಹೇಳಬೇಕಾಯಿತು. 1906ರಲ್ಲಿ ನಿಯಮ ಬದಲಾಗಿ, ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಸಿಕ್ಕಿತು.

ಕಾರ್ಲೈಲ್‌ಗೆ ಬೇಕಾಗಿದ್ದುದು ಅದೇ. ದೊಡ್ಡ ತಂಡಗಳೆದುರು ಅವರು ತೂಕದಲ್ಲಿ ಯಾವಾಗಲೂ ಕಡಿಮೆ. ಓಟದಲ್ಲಿ, ಚುರುಕಿನಲ್ಲಿ, ಕಣ್ಣುಕಟ್ಟುವ ಚಾತುರ್ಯದಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. 1903ರಲ್ಲಿ ಹಾರ್ವರ್ಡ್ ವಿರುದ್ಧ ಚಾರ್ಲಿ ಡಿಲನ್ ಎಂಬ ಆಟಗಾರನ ಜೆರ್ಸಿಯ ಬೆನ್ನೊಳಗೆ ಚೆಂಡು ಸೇರಿಸಿ, ಎದುರಾಳಿಗಳು ಹುಡುಕುತ್ತಿರುವಾಗಲೇ ಅವನನ್ನು ಇಡೀ ಮೈದಾನ ದಾಟಿಸಿದ್ದರು. ಆಗ ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ. 1907ರಲ್ಲಿ ಫ್ರ್ಯಾಂಕ್ ಮೌಂಟ್ ಪ್ಲೆಸೆಂಟ್, ಪೀಟ್ ಹೌಸರ್ ಇಬ್ಬರೂ ಚೆಂಡನ್ನು ತಿರುಗಿಸಿ ದೂರಕ್ಕೆ ಎಸೆಯುವುದನ್ನು ಕರಗತ ಮಾಡಿಕೊಂಡು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವನ್ನು 26-6ರಿಂದ ಕೆಡವಿದರು. ಉಳಿದ ದೊಡ್ಡ ತಂಡಗಳು ಎಸೆತವನ್ನು ಗಂಡಸುತನಕ್ಕೆ ಕುಂದೆಂಬಂತೆ ಕಾಣುತ್ತಿದ್ದ ದಿನಗಳವು. ಇಂದು ಆ ಆಟದ ಜೀವಾಳವೇ ಎಸೆತ.

ಇದೆಲ್ಲದರ ಹಿಂದೆ ಗ್ಲೆನ್ ವಾರ್ನರ್ ಇದ್ದ. ಎಲ್ಲರೂ ಅವನನ್ನು 'ಪಾಪ್' ಎನ್ನುತ್ತಿದ್ದರು. 1899ರಲ್ಲಿ ಕೋಚ್ ಆಗಿ ಬಂದು, ನಡುವೆ ಬಿಟ್ಟುಹೋಗಿ, 1907ರಲ್ಲಿ ಮರಳಿದವನು. ಫುಟ್‌ಬಾಲ್ ಆಟವನ್ನು ಅವನಷ್ಟು ಆಳವಾಗಿ ಬಲ್ಲವರು ಆ ಕಾಲಕ್ಕೆ ಬೆರಳೆಣಿಕೆಯಷ್ಟು. ಹುಡುಗರ ಶಕ್ತಿಗೆ ತಕ್ಕಂತೆ ಆಟವನ್ನೇ ಹೊಸದಾಗಿ ಹೊಲಿದುಕೊಟ್ಟ. ಜೊತೆಗೆ ಅದರ ಹಣದ ಬೆಲೆಯನ್ನೂ ಬಲ್ಲವನಾಗಿದ್ದ. ದೊಡ್ಡ ನಗರಗಳಲ್ಲಿ ಆಡಿದರೆ ಟಿಕೆಟ್ ಹಣದಲ್ಲಿ ಪಾಲು. ಅದಕ್ಕಾಗಿಯೇ ಕಾರ್ಲೈಲ್ ತಂಡ ಋತುವಿನ ಮೊದಲ ಕೆಲವು ಪಂದ್ಯ ಬಿಟ್ಟರೆ ರೈಲಿನಲ್ಲೇ ಬದುಕುತ್ತಿತ್ತು. ಆ ಹಣ ಶಾಲೆಯ ಲೆಕ್ಕಕ್ಕೆ ಬರದೆ ಅಥ್ಲೆಟಿಕ್ ಸಂಘದ ಖಾತೆಗೆ ಹೋಗುತ್ತಿತ್ತು. ಅದರಿಂದ ಕಟ್ಟಡಗಳೆದ್ದವು, ಕೋಚ್‌ಗೆ ಮನೆಯೂ ಎದ್ದಿತು.

1912ರ ತಂಡದಲ್ಲಿ ಹಲವು ಬುಡಕಟ್ಟುಗಳ ಹುಡುಗರಿದ್ದರು. ಮೈದಾನದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಓಜಿಬ್ವೆ ಬುಡಕಟ್ಟಿನವನು. ಸಾಲಿನಲ್ಲಿ ನಿಂತ ಜೋ ಗಯಾನ್ ಕೂಡ ಓಜಿಬ್ವೆಯವನೇ. ಓಡುವವನು ಅಲೆಕ್ಸ್ ಅರ್ಕಾಸಾ, ನಡುವೆ ಜೋ ಬರ್ಗೀ, ಎದುರಾಳಿಯ ಸಾಲಿಗೆ ಢೀ ಕೊಡಲು ಸ್ಟಾನ್ಸಿಲ್ ಪೊವೆಲ್, ಕ್ಯಾಲಿಫೋರ್ನಿಯಾದಿಂದ ಬಂದ ಪೀಟ್ ಕಲಾಕ್. ನಾಯಕ ಥಾರ್ಪ್, ಒಕ್ಲಹೋಮಾದ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು. ಅವಳಿ ತಮ್ಮ ಬಾಲ್ಯದಲ್ಲೇ ಸತ್ತ, ತಾಯಿ ಹೋದಳು, ಕಾರ್ಲೈಲ್ ಸೇರಿದ 1904ರಲ್ಲೇ ತಂದೆಯೂ ತೀರಿಹೋದ. 1912ರ ಬೇಸಿಗೆಯಲ್ಲಿ ಅವನು ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದಿದ್ದ. ಅದೇ ಶಾಲೆಯ ಹೋಪಿ ಹುಡುಗ ಲೂಯಿಸ್ ಟೆವಾನಿಮಾ ಹತ್ತು ಸಾವಿರ ಮೀಟರ್ ಓಟದಲ್ಲಿ ಬೆಳ್ಳಿ ತಂದಿದ್ದ. ಟೆವಾನಿಮಾ ಕಾರ್ಲೈಲ್‌ಗೆ ಬಂದದ್ದು ಓದುವ ಆಸೆಯಿಂದಲ್ಲ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲೊಪ್ಪದ ಹೋಪಿ ಜನರಿಗೆ ಶಿಕ್ಷೆಯೆಂದು ಸೈನಿಕರು ಹಿಡಿದು ತಂದವರಲ್ಲಿ ಅವನೊಬ್ಬ. ಅಮೆರಿಕದ ಹೆಸರಿನಲ್ಲಿ ಪದಕ ಗೆದ್ದ ಇವರಲ್ಲಿ ಟೆವಾನಿಮಾನಂಥವರನ್ನು ಆ ದೇಶ ಇನ್ನೂ ಪ್ರಜೆಗಳೆಂದು ಒಪ್ಪಿರಲಿಲ್ಲ. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ.

1912ರಲ್ಲಿ ಆಟದ ನಿಯಮಗಳು ಮತ್ತೊಮ್ಮೆ ಬದಲಾಗಿದ್ದವು. ಹತ್ತು ಗಜ ಸಾಗಲು ಮೂರರ ಬದಲು ನಾಲ್ಕು ಅವಕಾಶ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನ್‌ಗೆ ಐದರ ಬದಲು ಆರು ಅಂಕ. ಮೈದಾನ ನೂರು ಗಜಕ್ಕೆ ಇಳಿಯಿತು, ಎಸೆತದ ದೂರಕ್ಕಿದ್ದ ಮಿತಿ ಹೋಯಿತು. ಪಂದ್ಯ ನಡೆಯುವಾಗ ಕೋಚ್ ಹೊರಗಿನಿಂದ ಸೂಚನೆ ಕೊಡುವಂತಿರಲಿಲ್ಲ ಎಂಬುದು ಮುಖ್ಯ. ಯಾವಾಗ ಓಡಬೇಕು, ಯಾವಾಗ ಎಸೆಯಬೇಕು, ಯಾರ ಕೈಗೆ ಚೆಂಡು ಹೋಗಬೇಕು ಎಂದು ಆ ಕ್ಷಣಕ್ಕೆ ತೀರ್ಮಾನಿಸುತ್ತಿದ್ದವನು ವೆಲ್ಚ್. ಗೆಲುವುಗಳನ್ನೆಲ್ಲ ವಾರ್ನರ್‌ನ ತಲೆಗೂ ಥಾರ್ಪ್‌ನ ಕಾಲಿಗೂ ಹಂಚಿಬಿಡುವವರು ಇದನ್ನು ಮರೆಯುತ್ತಾರೆ.

ಮೊದಲ ನಾಲ್ಕು ಪಂದ್ಯಗಳಲ್ಲಿ 194 ಅಂಕ ಗಳಿಸಿ ಏಳೇ ಅಂಕ ಬಿಟ್ಟುಕೊಟ್ಟರು. ಐದನೆಯದರಲ್ಲಿ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜು ಅವರನ್ನು 0-0ಗೆ ಕಟ್ಟಿಹಾಕಿತು. ಥಾರ್ಪ್‌ನ ಒದೆತಗಳು ಒಂದರ ಹಿಂದೊಂದು ಗುರಿ ತಪ್ಪಿದ ದಿನವದು. ಸಿಟ್ಟು ಮುಂದಿನವರ ಮೇಲೆ ತೀರಿತು. ಹಿಂದಿನ ವರ್ಷ 12-11ರಿಂದ ತಮ್ಮನ್ನು ಸೋಲಿಸಿದ್ದ ಸಿರಾಕ್ಯೂಸ್‌ಗೆ 33-0, ಪಿಟ್ಸ್‌ಬರ್ಗ್‌ಗೆ 45-8. ಅಕ್ಟೋಬರ್ 26ರಂದು ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿರುದ್ಧ 34-20ರ ಗೆಲುವು. ಒಂದು ದಿನ ಬಿಟ್ಟು 28ಕ್ಕೆ ಕೆನಡಾದ ಟೊರಾಂಟೊದಲ್ಲಿ ಹಾಜರು. ಅಲ್ಲಿ ಅರ್ಧ ಪಂದ್ಯ ಅಮೆರಿಕದ ನಿಯಮ, ಇನ್ನರ್ಧ ಕೆನಡಾದ ನಿಯಮ. ಅದನ್ನೂ 49-1ರಿಂದ ಗೆದ್ದರು. ಅದೇ ವಾರದ ಶನಿವಾರ ಲೀಹೈ ವಿಶ್ವವಿದ್ಯಾಲಯ, 34-14. ಎಂಟು ದಿನ, ಮೂರು ಪಂದ್ಯ, ಎರಡು ದೇಶ. ಮೈಗಾಯ ಆರುವ ಮೊದಲೇ ಮುಂದಿನ ರೈಲು. ಟಿಕೆಟ್ ಹಣಕ್ಕಾಗಿ ಹೆಣೆದ ವೇಳಾಪಟ್ಟಿಯದು; ಹುಡುಗರ ದೇಹದ ಬಗ್ಗೆ ಯೋಚಿಸಿದವರು ಯಾರೂ ಹಾಗೆ ಹೆಣೆಯುತ್ತಿರಲಿಲ್ಲ.

ನವೆಂಬರ್ 9ರಂದು ತಂಡ ಸೇನಾ ಅಕಾಡೆಮಿ ಇರುವ, ಹಡ್ಸನ್ ನದಿಯ ದಂಡೆಯ ವೆಸ್ಟ್ ಪಾಯಿಂಟ್‌ಗೆ ಬಂತು. ಇಲ್ಲಿ ಕಲಿತು ಹೋದ ಅಧಿಕಾರಿಗಳೇ ಪಶ್ಚಿಮದ ಬಯಲುಗಳಲ್ಲಿ ಮೂಲನಿವಾಸಿಗಳ ಮೇಲೆ ಯುದ್ಧ ನಡೆಸಿದವರು. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಅವರೊಡನೆ ಕಾದಾಡಿ ಸತ್ತ ಸೇನಾಧಿಕಾರಿ ಕಸ್ಟರ್ ಇಲ್ಲಿಯ ಪದವೀಧರ. ಅಮೆರಿಕದ ಸೈನಿಕರು ವೂಂಡೆಡ್ ನೀಯಲ್ಲಿ ಲಕೋಟ ಜನರನ್ನು ಹೆಂಗಸರು ಮಕ್ಕಳೆನ್ನದೆ ಕೊಂದು ಆಗಿನ್ನೂ ಇಪ್ಪತ್ತೆರಡೇ ವರ್ಷವಾಗಿತ್ತು. ಹುಡುಗರನ್ನು ಈ ಪಂದ್ಯಕ್ಕೆ ಹುರಿದುಂಬಿಸಲು ವಾರ್ನರ್ ಹೆಚ್ಚೇನೂ ಕಷ್ಟಪಡಬೇಕಾಗಿರಲಿಲ್ಲ, ಇವರ ಅಪ್ಪ ಅಜ್ಜಂದಿರು ನಿಮ್ಮ ಅಪ್ಪ ಅಜ್ಜಂದಿರೊಡನೆ ಕಾದಾಡಿದವರು ಎಂದು ನೆನಪಿಸಿದ್ದೇ ಸಾಕಾಯಿತು ಎಂದು ವೆಲ್ಚ್ ಮುಂದೆ ಹೇಳಿದ್ದಾನೆ.

ಆ ದಿನಕ್ಕೆಂದು ವಾರ್ನರ್ ಹೊಸ ವ್ಯೂಹವೊಂದನ್ನು ಇಟ್ಟುಕೊಂಡಿದ್ದ. ಓಡುವವರೆಲ್ಲ ಸಾಲಿನ ಹಿಂದೆ ಗುಂಪಾಗಿ ನಿಲ್ಲುವುದು ಆಗಿನ ಪದ್ಧತಿ. ಅವನು ಅವರಲ್ಲಿ ಇಬ್ಬರನ್ನು ಸಾಲಿನ ಎರಡೂ ತುದಿಗಳಾಚೆ, ರೆಕ್ಕೆಗಳಂತೆ ನಿಲ್ಲಿಸಿದ. ಚೆಂಡು ನೇರ ಹಿಂದಿದ್ದವನ ಕೈಗೆ ಬರುತ್ತದೆ; ಅವನು ತಾನೇ ನುಗ್ಗಬಹುದು, ಅಡ್ಡ ಓಡಿಬರುವ ರೆಕ್ಕೆಯವನ ಕೈಗೆ ದಾಟಿಸಬಹುದು, ಎಸೆಯಲೂಬಹುದು. ಥಾರ್ಪ್ ಎಲ್ಲಿದ್ದಾನೋ ಅಲ್ಲೇ ಚೆಂಡು ಎಂದು ಕೆಡೆಟ್‌ಗಳು ಕಣ್ಣಿಟ್ಟಿದ್ದರು. ಅವರು ಅವನತ್ತ ಓಡಿದಾಗಲೆಲ್ಲ ಇನ್ನೊಂದು ಬದಿಯಲ್ಲಿ ಅರ್ಕಾಸಾ ಬಿಡಿಸಿಕೊಂಡು ಹೋಗುತ್ತಿದ್ದ.

ಮೊದಲ ಅಂಕ ಸೇನೆಯದೇ, 6-0. ಬರ್ಗೀ ನುಗ್ಗಿ ಸಮ ಮಾಡಿದ. ಥಾರ್ಪ್‌ನ ಒದೆತದಿಂದ ಅರ್ಧ ವಿರಾಮಕ್ಕೆ ಕಾರ್ಲೈಲ್ 7-6. ಗುದ್ದಾಡಿದ್ದಕ್ಕಾಗಿ ಪೊವೆಲ್ ಮೈದಾನದಿಂದ ಹೊರಹೋಗಬೇಕಾಯಿತು. ಪ್ರ್ಯಾಟ್‌ನ ಷರತ್ತು ಆ ದಿನ ಯಾರ ನೆನಪಿನಲ್ಲೂ ಇದ್ದಂತಿಲ್ಲ. ಸೇನಾ ತಂಡದ ನಾಯಕ ಲೀಲೆಂಡ್ ಡೆವೋರ್ ಆರೂವರೆ ಅಡಿಯ ಆಳು. ಅವನೆದುರು ನಿಂತಿದ್ದ ಗಯಾನ್ ಗಾತ್ರದಲ್ಲಿ ಅವನಿಗೆ ಸಾಟಿಯೇ ಅಲ್ಲ. ಆದರೂ ಮೊದಲರ್ಧವಿಡೀ ಅವನನ್ನು ಸರಿಸಿ, ಬೀಳಿಸಿ, ದಾರಿ ಮಾಡಿಕೊಟ್ಟಿದ್ದ. ಎರಡನೇ ಅರ್ಧ ಶುರುವಾದೊಡನೆ ಡೆವೋರ್ ಸಹನೆ ಕಳೆದುಕೊಂಡು ಗಯಾನ್‌ನ ಮೇಲೆ ಎಗರಿಬಿದ್ದ, ಅಂಪೈರ್ ಅವನನ್ನೂ ಹೊರಗಟ್ಟಿದ. ಅಲ್ಲಿಗೆ ಸೇನೆಯ ಸಾಲು ಕುಸಿಯಿತು. ಅರ್ಕಾಸಾ ಮೂರು ಟಚ್‌ಡೌನ್ ಮಾಡಿದ. ಥಾರ್ಪ್ ಎದುರಾಳಿಗಳ ಗುಂಪನ್ನು ಸೀಳಿ ಓಡಿದ ಒಂದು ಅದ್ಭುತ ಓಟ ನಿಯಮಭಂಗದ ಕಾರಣಕ್ಕೆ ಲೆಕ್ಕಕ್ಕೆ ಬರಲಿಲ್ಲ. ಪಂದ್ಯ ಮುಗಿದಾಗ 27-6. ಅತ್ಯಂತ ಪ್ರಸಿದ್ಧವಾದ ಈ ಪಂದ್ಯದಲ್ಲಿ ಥಾರ್ಪ್‌ನ ಹೆಸರಿಗೆ ಒಂದೂ ಟಚ್‌ಡೌನ್ ಇಲ್ಲ. ಅವನನ್ನು ಕೀಳಾಗಿಸಲೆಂದು ಈ ಮಾತು ಹೇಳುತ್ತಿಲ್ಲ. ತಾನು ಎದುರಾಳಿಗಳನ್ನು ಸೆಳೆದುಕೊಂಡು ಗೆಳೆಯನಿಗೆ ದಾರಿ ಬಿಡಿಸಿಕೊಟ್ಟ ನಾಯಕ ಅವನು.

ಅಂದು ಸೇನೆಯ ಪರ ಆಡಿದವರಲ್ಲಿ ಇಪ್ಪತ್ತೆರಡು ವರ್ಷದ ಡ್ವೈಟ್ ಐಸೆನ್‌ಹೋವರ್ ಒಬ್ಬ. ಥಾರ್ಪ್‌ನನ್ನು ಎರಡೂ ಕಡೆಯಿಂದ ಹೊಡೆದು ಕೆಡವಬೇಕೆಂದು ಅವನೂ ಜೊತೆಗಾರನೂ ಹವಣಿಸಿದಾಗ ಥಾರ್ಪ್ ಥಟ್ಟನೆ ನಿಂತುಬಿಟ್ಟ, ಇವರಿಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಹೊರಹೋಗಬೇಕಾಯಿತು ಎಂದು ಹೇಳುತ್ತಾರೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಮೇಲೂ ಐಸೆನ್‌ಹೋವರ್ ಥಾರ್ಪ್‌ನ ಆಟವನ್ನು ಬಾಯ್ತುಂಬ ಹೊಗಳುತ್ತಿದ್ದ.

ಮುಂದಿನ ಶನಿವಾರವೇ ಸೋಲು. ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 34-26ರಿಂದ ಗೆದ್ದಿತು. ವೆಸ್ಟ್ ಪಾಯಿಂಟ್‌ನಲ್ಲಿ ಮೈಮನಸ್ಸೆಲ್ಲ ಸುರಿದು ಬಂದ ತಂಡಕ್ಕೆ ಒಂದು ವಾರ ಸಾಲಲಿಲ್ಲ. ಅದರ ಮುಂದಿನ ವಾರ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 30-24ರ ಕಷ್ಟದ ಗೆಲುವು. ಆ ಮೂವತ್ತಕ್ಕೆ ಮೂವತ್ತೂ ಥಾರ್ಪ್ ಗಳಿಸಿದ್ದು. ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಬ್ರೌನ್ ವಿಶ್ವವಿದ್ಯಾಲಯವನ್ನು 32-0ರಿಂದ ಸೋಲಿಸಿ ಋತು ಮುಗಿಸಿದರು. ಆ ಋತುವಿನಲ್ಲಿ ಥಾರ್ಪ್‌ನ ಟಚ್‌ಡೌನ್‌ಗಳು 25ಕ್ಕೆ ಕಡಿಮೆಯಿಲ್ಲ.

ಎರಡು ತಿಂಗಳು ಕಳೆಯಲಿಲ್ಲ. 1913ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದ ಪತ್ರಿಕೆಯೊಂದು ಥಾರ್ಪ್ 1909 ಮತ್ತು 1910ರ ಬೇಸಿಗೆಗಳಲ್ಲಿ ನಾರ್ತ್ ಕೆರೊಲಿನಾದ ಸಣ್ಣ ಲೀಗ್ ಒಂದರಲ್ಲಿ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂದು ಬಯಲು ಮಾಡಿತು. ಒಲಿಂಪಿಕ್ಸ್‌ಗೆ ಆಗ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಬೇಸಿಗೆಯಲ್ಲಿ ಹೀಗೆ ಆಡುವುದು ಕಾಲೇಜು ಹುಡುಗರಲ್ಲಿ ಸಾಮಾನ್ಯವಾಗಿತ್ತು. ಬುದ್ಧಿವಂತರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥಾರ್ಪ್ ತನ್ನ ಹೆಸರಿನಲ್ಲೇ, ಕಾರ್ಲೈಲ್‌ನ ಇನ್ನಿಬ್ಬರು ಹುಡುಗರ ಜೊತೆ ಆಡಿದ್ದ. ವಾರ್ನರ್‌ಗೆ, ಶಾಲೆಯ ಮುಖ್ಯಸ್ಥ ಮೋಸೆಸ್ ಫ್ರೀಡ್‌ಮನ್‌ಗೆ ಇದು ತಿಳಿದಿರಲಿಲ್ಲ ಎನ್ನುವುದನ್ನು ನಾನು ನಂಬಲಾರೆ. ತಮ್ಮ ತಂಡದ ಅತ್ಯುತ್ತಮ ಆಟಗಾರ ಎರಡು ವರ್ಷ ಎಲ್ಲಿದ್ದನೆಂದು ಕೇಳದೆ ಇರುವ ಕೋಚ್ ಎಲ್ಲಿದ್ದಾನೆ? ಆದರೂ ಇಬ್ಬರೂ ಕೈತೊಳೆದುಕೊಂಡರು. ತಾನು ಲೋಕಜ್ಞಾನವಿಲ್ಲದ ಇಂಡಿಯನ್ ಹುಡುಗ, ತಿಳಿಯದೆ ತಪ್ಪಾಯಿತು ಎಂಬ ಧಾಟಿಯ ತಪ್ಪೊಪ್ಪಿಗೆ ಪತ್ರ ಥಾರ್ಪ್‌ನ ಸಹಿಯೊಂದಿಗೆ ಹೊರಬಿತ್ತು. ದೂರು ಕೊಡಲು ಒಲಿಂಪಿಕ್ಸ್ ನಿಯಮದಲ್ಲಿದ್ದ ಮೂವತ್ತು ದಿನಗಳ ಗಡುವು ಎಂದೋ ಮುಗಿದಿತ್ತು. ಅದನ್ನು ಎತ್ತಿ ತೋರಿಸಿ ಹುಡುಗನ ಪರ ನಿಲ್ಲುವವರು ಒಬ್ಬರೂ ಇರಲಿಲ್ಲ. ಪದಕಗಳನ್ನು ವಾಪಸು ಕಳಿಸಲಾಯಿತು. ಥಾರ್ಪ್ 1953ರಲ್ಲಿ ತೀರಿಕೊಂಡ. ಪದಕಗಳ ಪ್ರತಿಗಳು ಅವನ ಮಕ್ಕಳ ಕೈಸೇರಿದ್ದು 1983ರಲ್ಲಿ. ಎರಡೂ ಸ್ಪರ್ಧೆಗಳ ಏಕೈಕ ವಿಜೇತನೆಂದು ಒಲಿಂಪಿಕ್ ಸಮಿತಿ ಪೂರ್ತಿ ಒಪ್ಪಿದ್ದು 2022ರಲ್ಲಿ.

ಗೆಳೆಯನಿಗಾದದ್ದನ್ನು ತಂಡದವರು ಮರೆಯಲಿಲ್ಲ. ಶಾಲೆಯ ಆಡಳಿತದ ಮೇಲೆ ತನಿಖೆ ನಡೆಸಬೇಕೆಂದು ವಿದ್ಯಾರ್ಥಿಗಳು ಮನವಿ ಸಲ್ಲಿಸಿದರು. ಇನ್ನೂರಕ್ಕೂ ಹೆಚ್ಚು ಸಹಿ ಬಿದ್ದ ಆ ಮನವಿಯ ಹಿಂದೆ ನಿಂತವನು ಗಸ್ ವೆಲ್ಚ್. 1914ರ ಫೆಬ್ರವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ಕಾರ್ಲೈಲ್‌ಗೇ ಬಂದು ಕೂತಿತು. ಮಕ್ಕಳಿಗೆ ಹೊಟ್ಟೆ ತುಂಬ ಊಟವಿಲ್ಲದಿರುವುದು, ಹೊಡೆತ ಬಡಿತ, ಅಥ್ಲೆಟಿಕ್ ಹಣದ ವಿಲೇವಾರಿ ಎಲ್ಲವೂ ಹೊರಬಿತ್ತು. ವಾರ್ನರ್ ಬೈಗುಳದ ಬಾಯಿಯವನೆಂದು, ಹುಡುಗರ ಮೇಲೆ ಕೈ ಮಾಡುತ್ತಿದ್ದನೆಂದು ಆಟಗಾರರೇ ಸಾಕ್ಷಿ ನುಡಿದರು. ಅವನು ಒಳ್ಳೆಯ ಕೋಚ್ ಹೌದು, ಆದರೆ ನೀತಿಯಿಲ್ಲದ ಮನುಷ್ಯ ಎಂಬುದು ವೆಲ್ಚ್ ಕೊಟ್ಟ ಹೇಳಿಕೆಯ ಸಾರ. ಸಮಿತಿಯೆದುರು ಹೆಸರು ಹೇಳಿ, ಎದುರು ನಿಂತು ಆಡಿದ ಆ ಮಾತಿಗೆ ವೆಸ್ಟ್ ಪಾಯಿಂಟ್‌ನ ಗೆಲುವಿಗಿಂತ ಹೆಚ್ಚಿನ ಎದೆಗಾರಿಕೆ ಬೇಕಾಗಿತ್ತು ಎಂದು ನನಗನ್ನಿಸುತ್ತದೆ.

ಫ್ರೀಡ್‌ಮನ್ ಕೆಲಸ ಕಳೆದುಕೊಂಡ. ವಾರ್ನರ್ 1915ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ ಅಲ್ಲಿ ಇನ್ನಷ್ಟು ಹೆಸರು ಮಾಡಿದ. ಕಾರ್ಲೈಲ್ ತಂಡ ಮತ್ತೆ ತಲೆಯೆತ್ತಲಿಲ್ಲ, ಶಾಲೆಯೇ 1918ರಲ್ಲಿ ಮುಚ್ಚಿ ಕಟ್ಟಡಗಳು ಸೇನೆಗೆ ವಾಪಸಾದವು. ಡೆವೋರ್‌ನನ್ನು ಎದುರಿಸಿ ನಿಂತಿದ್ದ ಜೋ ಗಯಾನ್ 1917ರಲ್ಲಿ ಜಾರ್ಜಿಯಾ ಟೆಕ್ ಪರ ಆಡಿ ಆ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟವರಲ್ಲಿ ಒಬ್ಬನಾದ. 1920ರ ದಶಕದ ಆರಂಭದಲ್ಲಿ ಅವನೂ ಪೀಟ್ ಕಲಾಕ್‌ನೂ ಥಾರ್ಪ್‌ನ ಜೊತೆ ಮತ್ತೆ ಒಂದೇ ತಂಡದಲ್ಲಿ, ಈ ಸಲ ಸಂಬಳಕ್ಕೆ, ಮೂಲನಿವಾಸಿಗಳೇ ತುಂಬಿದ್ದ ಒಹಾಯೊದ ಊರಾಂಗ್ ಇಂಡಿಯನ್ಸ್ ಪರ ಆಡಿದರು. ಗಸ್ ವೆಲ್ಚ್ ತಾನೇ ಕೋಚ್ ಆಗಿ, 1919ರಿಂದ ನಾಲ್ಕು ಋತು ವಾಷಿಂಗ್ಟನ್ ಸ್ಟೇಟ್ ಕಾಲೇಜಿನ ತಂಡವನ್ನು ಆಡಿಸಿದ.